ಕಂತಿನ ದಿನ ಬರುವ ಕಾನೂನು ಸಾಲ ಕೊಡುವ ದಿನ ಎಲ್ಲಿತ್ತು?

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು, ರಾಮನಗರ, ಹಾವೇರಿ, ಬೆಳಗಾವಿ ಕಡೆಯಿಂದ ಒಂದೇ ಬಗೆಯ ಸುದ್ದಿ ಬರತೊಡಗಿತು. ಮೈಕ್ರೋಫೈನಾನ್ಸ್ ಸಂಸ್ಥೆಗಳು ಮಹಿಳೆಯರ ಗುಂಪಿಗೆ ಅಡಮಾನವಿಲ್ಲದೆ ಕೊಡುವ ‘ಸಂಘದ ಸಾಲ’ದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳು, ಬಾಗಿಲಲ್ಲಿ ಕೂತು ಕದಲದ ವಸೂಲಿಗಾರರು, ಆತ್ಮಹತ್ಯೆಗಳು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ಅದು ಮಸೂದೆಯಾಗಿ ವಿಧಾನಮಂಡಲದಲ್ಲಿ ಅಂಗೀಕಾರವಾಯಿತು. ಹಿಂಸಿಸಿ ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಬಾಗಿಲಲ್ಲಿ ನಿಂತು ಮಾನ ಕಳೆಯುವವನಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಸೂಲಿಗಾರ ಬಾಗಿಲಿಗೆ ಬರುವ ಹೊತ್ತಿಗೆ ಮನೆ ಮುಳುಗಿ ಒಂದು ವರ್ಷವೇ ಆಗಿರುತ್ತದೆ. ಮುಳುಗಿಸುವ ಕೆಲಸ ನಡೆಯುವುದು ಮೂರನೆಯ, ನಾಲ್ಕನೆಯ ಸಾಲಕ್ಕೆ ಸಹಿ ಬೀಳುವ ದಿನ. ಆ ದಿನದ ಬಗ್ಗೆ ನಮ್ಮ ನೀತಿ ಹೆಚ್ಚು ಯೋಚಿಸಿಲ್ಲ.

ಲೆಕ್ಕದಿಂದಲೇ ಶುರು ಮಾಡೋಣ. 50,000 ರೂ. ಸಾಲ, 24 ತಿಂಗಳು, ಇಳಿಕೆ ಬಾಕಿಯ (ಅಂದರೆ ತೀರದೆ ಉಳಿದ ಅಸಲಿನ) ಮೇಲೆ ವರ್ಷಕ್ಕೆ ಶೇ 24 ಬಡ್ಡಿ ಎಂದುಕೊಳ್ಳಿ. ತಿಂಗಳ ಕಂತು 2,643 ರೂ. ಒಟ್ಟು ಕಟ್ಟುವುದು ಸುಮಾರು 63,400. ಇಷ್ಟಕ್ಕೇ ಮುಗಿದರೆ ಚಿಂತೆಯಿಲ್ಲ. ಸಾಲ ಕೈಗೆ ಬರುವಾಗಲೇ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಗಂಡ ಹೆಂಡತಿ ಇಬ್ಬರ ವಿಮೆ ಎಂದು 2,000 ರೂ. ಮುರಿದುಕೊಂಡರೆ ಕೈಗೆ ಸಿಗುವುದು 48,000. ಕಂತು ಮಾತ್ರ 50,000ಕ್ಕೇ. ಆಗ ನಿಜವಾದ ಬಡ್ಡಿ ಶೇ 28 ದಾಟುತ್ತದೆ. ಇನ್ನೊಂದು ಕಡೆ ‘ಬಡ್ಡಿ ಶೇ 14 ಅಷ್ಟೇ’ ಎಂದು ಹೇಳಿ, ಪೂರ್ತಿ 50,000ದ ಮೇಲೆ ಎರಡು ವರ್ಷವೂ ಅದನ್ನೇ ಹಾಕುವ ‘ಫ್ಲಾಟ್’ ಲೆಕ್ಕವಿದೆ. ಅಸಲು ತಿಂಗಳು ತಿಂಗಳು ತೀರುತ್ತಿದ್ದರೂ ಬಡ್ಡಿ ಇಳಿಯುವುದಿಲ್ಲ. ಇಳಿಕೆ ಬಾಕಿಯ ಲೆಕ್ಕಕ್ಕೆ ತಂದರೆ ಆ 14 ಸುಮಾರು 25 ಆಗುತ್ತದೆ. ಹಾಗಾಗಿ ಶೇಕಡಾವಾರು ಕೇಳುವುದಕ್ಕಿಂತ ‘ಕೈಗೆ ಎಷ್ಟು ಬರುತ್ತದೆ, ತಿಂಗಳಿಗೆ ಎಷ್ಟು, ಎಷ್ಟು ತಿಂಗಳು’ ಎಂಬ ಮೂರು ಪ್ರಶ್ನೆ ಕೇಳುವುದೇ ಸರಿ. ಆರ್‌ಬಿಐ ನಿಯಮದ ಪ್ರಕಾರ ಈ ವಿವರ ನಿಗದಿತ ನಮೂನೆಯ ಪತ್ರದಲ್ಲಿ, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು.

ದುಬಾರಿಯಾದರೂ ಒಂದು ಸಾಲವನ್ನು ಮನೆ ತಡೆದುಕೊಳ್ಳುತ್ತದೆ. ಮನೆ ಕುಸಿಯುವುದು ಸಾಲದ ಮೇಲೆ ಸಾಲ ಪೇರಿಸಿದಾಗ. 2022ರ ಏಪ್ರಿಲ್‌ಗೆ ಮುಂಚೆ ಮೈಕ್ರೋಫೈನಾನ್ಸ್ ಎಂದೇ ನೋಂದಣಿಯಾದ ಎನ್‌ಬಿಎಫ್‌ಸಿಗಳ (ಬ್ಯಾಂಕಲ್ಲದ ಹಣಕಾಸು ಕಂಪನಿಗಳ) ಪೈಕಿ ಎರಡಕ್ಕಿಂತ ಹೆಚ್ಚು ಸಂಸ್ಥೆಗಳು ಒಬ್ಬರಿಗೇ ಸಾಲ ಕೊಡುವಂತಿರಲಿಲ್ಲ, ಒಟ್ಟು ಸಾಲ 1.25 ಲಕ್ಷ ದಾಟುವಂತಿರಲಿಲ್ಲ, ಬಡ್ಡಿಗೂ ಮಿತಿ ಇತ್ತು. ಅದರ ಕೊರತೆ ಬೇರೆ: ಬ್ಯಾಂಕುಗಳು, ಸಣ್ಣ ಹಣಕಾಸು ಬ್ಯಾಂಕುಗಳು ಈ ಬೇಲಿಯ ಹೊರಗಿದ್ದವು. ಆರ್‌ಬಿಐ 2022ರಲ್ಲಿ ಎಲ್ಲರಿಗೂ ಒಂದೇ ನಿಯಮ ಮಾಡಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದೆಲ್ಲ ಮೈಕ್ರೋಫೈನಾನ್ಸ್ ಸಾಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ದಾಟಬಾರದು. ಬಡ್ಡಿಯ ಮಿತಿ ತೆಗೆದು, ದರ ನಿಗದಿಯನ್ನು ಆಯಾ ಸಂಸ್ಥೆಯ ಆಡಳಿತ ಮಂಡಳಿಗೆ ಬಿಟ್ಟಿತು. ಎಷ್ಟು ಸಂಸ್ಥೆ ಎಂಬ ಮಿತಿಯೂ ಹೋಯಿತು.

ಅರ್ಧದ ನಿಯಮ ಕಾಗದದ ಮೇಲೆ ಹಳೆಯದಕ್ಕಿಂತ ಚೆನ್ನಾಗಿದೆ. ಎಡವುವುದು ‘ಆದಾಯ’ ಎಂಬ ಒಂದು ಕಾಲಂನಲ್ಲಿ. ಕೂಲಿ ಮನೆಗೆ ಸಂಬಳದ ಚೀಟಿ ಇರುವುದಿಲ್ಲ. ಫೀಲ್ಡ್ ಆಫೀಸರ್ ಕೇಳುತ್ತಾನೆ, ಅಂದಾಜು ಹಾಕುತ್ತಾನೆ, ಬರೆದುಕೊಳ್ಳುತ್ತಾನೆ. ಅವನ ಪ್ರೋತ್ಸಾಹಧನ ನಿಂತಿರುವುದು ಎಷ್ಟು ಸಾಲ ಕೊಟ್ಟ, ಎಷ್ಟು ವಸೂಲಿ ಮಾಡಿದ ಎಂಬುದರ ಮೇಲೆ. ಆದಾಯ ಸರಿಯಾಗಿ ಬರೆದದ್ದಕ್ಕೆ ಯಾರೂ ಏನೂ ಕೊಡುವುದಿಲ್ಲ. ಗಂಡ ಹೆಂಡತಿ ಕೂಲಿಯಿಂದ ತಿಂಗಳಿಗೆ 15,000 ತರುವ ಮನೆಗೆ ಕಂತಿನ ಮಿತಿ 7,500. ಫಾರಂನಲ್ಲಿ 24,000 ಎಂದು ಬಿದ್ದರೆ ಮಿತಿ 12,000ಕ್ಕೆ ಏರುತ್ತದೆ, ಇನ್ನೂ ಒಂದೆರಡು ಸಾಲಕ್ಕೆ ಜಾಗ ಆಗುತ್ತದೆ. ಈಗ ಆ ಮನೆಯಲ್ಲಿ 50,000ದ ಎರಡು ಸಾಲ, ಜೊತೆಗೆ ಒಂದು ವರ್ಷಕ್ಕೆ ತೀರಿಸುವ 30,000ದ ಇನ್ನೊಂದು ಸಾಲ ಇದೆ ಎನ್ನಿ. ಮೂರರ ಕಂತು ಸೇರಿ ತಿಂಗಳಿಗೆ 8,123 ರೂ. ಇದರ ಮೇಲೆ ನೂರಕ್ಕೆ 5ರಂತೆ ತಂದ 20,000ದ ಕೈಸಾಲ; ಬರೀ ಬಡ್ಡಿಯೇ ತಿಂಗಳಿಗೆ ಸಾವಿರ. ಊಟ, ಬಾಡಿಗೆ, ಶಾಲೆ, ಔಷಧಕ್ಕೆ ಉಳಿಯುವುದು 5,900ಕ್ಕೂ ಕಡಿಮೆ. ಒಂದು ವಾರ ಜ್ವರ ಬಂದು ಕೂಲಿ ತಪ್ಪಿದರೆ ಸಾಕು.

ಕೈಸಾಲ ಯಾವ ಕ್ರೆಡಿಟ್ ವರದಿಯಲ್ಲೂ ಕಾಣುವುದಿಲ್ಲ. ಕಾಣುವ ಸಾಲವೂ ತಡವಾಗಿ ಕಾಣುತ್ತದೆ. ಯಾರಿಗೆ ಎಷ್ಟು ಸಾಲವಿದೆ ಎಂಬ ದಾಖಲೆ ಇಡುವ ಮಾಹಿತಿ ಕಂಪನಿಗಳಿಗೆ ಸಂಸ್ಥೆಗಳು ತಿಂಗಳಿಗೊಮ್ಮೆಯಾದರೂ ವಿವರ ಕೊಡಬೇಕೆಂಬ ನಿಯಮವಿತ್ತು. 2025ರ ಜನವರಿ 1ರಿಂದ 15 ದಿನಕ್ಕೊಮ್ಮೆ ಕೊಡಬೇಕೆಂದು ಆರ್‌ಬಿಐ ಹೇಳಿತು. ಒಂದೇ ವಾರದಲ್ಲಿ ಮೂರು ಸಂಸ್ಥೆ ಸಾಲ ಮಂಜೂರು ಮಾಡಿದರೆ ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬೀಳದಿರಲು ಅಷ್ಟು ಅಂತರವೂ ಸಾಕು. ಊರಲ್ಲಿರುವ ಮಧ್ಯವರ್ತಿಗಳಿಗೆ ಇದು ಗೊತ್ತು. ಕಮಿಷನ್ ಪಡೆದು ಗುಂಪು ಕೂಡಿಸುವುದು, ಬೇರೆಯವರ ಆಧಾರ್‌ನಲ್ಲಿ ಸಾಲ ಎತ್ತಿಸಿ ‘ಕಂತು ನಾನೇ ಕಟ್ಟುತ್ತೇನೆ’ ಎಂದು ನಂಬಿಸುವುದು ಇವರ ದಂಧೆ. ಅವರು ಕೈ ಎತ್ತಿದ ದಿನ, ಹಣವನ್ನೇ ನೋಡದ ಹೆಂಗಸು ಸಾಲಗಾರ್ತಿಯಾಗಿ ಉಳಿಯುತ್ತಾಳೆ. ಮುಳುಗಿದ ಊರುಗಳಲ್ಲಿ ಇಂಥ ಹೆಸರುಸಾಲದ ಪಾಲು ಎಷ್ಟೆಂದು ಸರ್ಕಾರ ಮೊದಲು ಎಣಿಸಬೇಕಿತ್ತು. ಇದು ವಸೂಲಿಯ ತಗಾದೆ ಅಲ್ಲ, ನೇರ ವಂಚನೆಯ ಕೇಸು.

ಸಾಲ ನೀಡುವವರ ಸಂಘಟನೆಗಳು 2024ರಲ್ಲಿ ತಾವಾಗಿಯೇ ಬೇಲಿ ಹಾಕಿಕೊಂಡವು. 2025ರ ಏಪ್ರಿಲ್ 1ರಿಂದ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳ ಸಾಲವಿಲ್ಲ, ಒಟ್ಟು 2 ಲಕ್ಷ ಮೀರಕೂಡದು. ಒಳ್ಳೆಯದೇ. ಆದರೆ ಬ್ರೇಕ್ ಹಠಾತ್ತನೆ ಬಿತ್ತು. ನಾಲ್ಕನೆಯ ಸಾಲದಿಂದ ಮೊದಲ ಮೂರರ ಕಂತು ಕಟ್ಟುತ್ತಿದ್ದ ಮನೆಗೆ ಹೊಸ ಸಾಲ ನಿಂತ ತಿಂಗಳೇ ಹಳೆಯದು ಸುಸ್ತಿಯಾಯಿತು. ಸಾಲದ ಹರಿವು ನಿಲ್ಲಿಸುವಾಗ ಹಳೆಯ ಕಂತನ್ನು ಹಿಗ್ಗಿಸುವ ವ್ಯವಸ್ಥೆ ಕೂಡ ಜೊತೆಗೇ ಬರಬೇಕಿತ್ತು.

ಇನ್ನು ರಾಜ್ಯದ ಕಾನೂನು. ಸಾಲ ಕೊಡುವವರು ಜಿಲ್ಲಾಧಿಕಾರಿ ಬಳಿ ನೋಂದಾಯಿಸಬೇಕು, ಅಡಮಾನ ಇಟ್ಟುಕೊಳ್ಳಬಾರದು, ನೋಂದಣಿ ಇಲ್ಲದವರು ದುರ್ಬಲ ವರ್ಗಕ್ಕೆ ಕೊಟ್ಟ ಸಾಲ ತೀರಿದಂತೆಯೇ ಲೆಕ್ಕ. ಇದರ ಹಲ್ಲು ನಾಟುವುದು ಮೀಟರ್ ಬಡ್ಡಿಯವರಿಗೆ. ಆರ್‌ಬಿಐ ನೋಂದಣಿ ಇರುವವರ ಬಡ್ಡಿಗಾಗಲೀ ಸಾಲದ ಮಿತಿಗಾಗಲೀ ರಾಜ್ಯ ಕೈ ಹಾಕುವಂತಿಲ್ಲ: ರಾಜ್ಯಗಳ ಲೇವಾದೇವಿ ಕಾಯ್ದೆಗಳು ಆರ್‌ಬಿಐ ನಿಯಂತ್ರಣದ ಎನ್‌ಬಿಎಫ್‌ಸಿಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ, ಕೇರಳ ಮತ್ತು ಗುಜರಾತ್ ಕಾಯ್ದೆಗಳ ಪ್ರಕರಣದಲ್ಲಿ ಹೇಳಿದೆ. ಮೀಟರ್ ಬಡ್ಡಿಯ ವಿರುದ್ಧವಾದರೂ ನಮ್ಮಲ್ಲಿ ಕಾನೂನಿಗೆ ಬರವಿರಲಿಲ್ಲ. ಲೇವಾದೇವಿದಾರರ ಕಾಯ್ದೆ 1961ರಿಂದ ಇದೆ, ದುಬಾರಿ ಬಡ್ಡಿ ನಿಷೇಧ ಕಾಯ್ದೆ 2004ರಿಂದ ಇದೆ. ಠಾಣೆಯಲ್ಲಿ ದೂರು ಬರೆದುಕೊಳ್ಳುವ ಕೈ ಇರಲಿಲ್ಲ, ಅಷ್ಟೇ. ‘ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದೀಯ, ಹೋಗಿ ಮಾತಾಡಿಕೋ’ ಎಂದು ಕಳಿಸುವ ಠಾಣೆಯನ್ನು ಹತ್ತು ವರ್ಷದ ಜೈಲು ಬದಲಿಸುವುದಿಲ್ಲ.

ಕಠಿಣ ಕಾನೂನಿನ ಇನ್ನೊಂದು ಮುಖವನ್ನು ನಾವು ನೆರೆಯಲ್ಲೇ ನೋಡಿದ್ದೇವೆ. 2010ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸುಗ್ರೀವಾಜ್ಞೆ ತಂದಾಗ ವಸೂಲಿ ಹೆಚ್ಚುಕಡಿಮೆ ನಿಂತೇಹೋಯಿತು, ಸಂಸ್ಥೆಗಳು ಕೈತೊಳೆದುಕೊಂಡವು. ಅಲ್ಲಿ ನಷ್ಟ ಮಾಡಿಕೊಂಡ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿತ ಮಾಡಿದವು. ಅಂಥ ಜಿಲ್ಲೆಗಳಲ್ಲಿ ಕೂಲಿ ದರವೇ ಇಳಿದದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ. ಅದಕ್ಕೂ ಒಂದು ವರ್ಷ ಮುಂಚೆ ನಮ್ಮ ಕೋಲಾರದಲ್ಲೇ ಸಾಮೂಹಿಕವಾಗಿ ಕಂತು ನಿಲ್ಲಿಸಿದ್ದು ನೆನಪಿರಬಹುದು. ಸಂಸ್ಥೆಗಳು ಹೊರಟವು, ಹಣದ ಅಗತ್ಯ ಅಲ್ಲೇ ಉಳಿಯಿತು. ಶೇ 24ರ ಬಾಗಿಲು ಮುಚ್ಚಿದಾಗ ಜನ ಹೋಗುವುದು ಶೇ 60ರ ಬಾಗಿಲಿಗೆ. ನೂರಕ್ಕೆ 5 ಎಂದರೆ ವರ್ಷಕ್ಕೆ ಅಷ್ಟೇ ಆಗುವುದು.

ಹಾಗಾದರೆ ರಾಜ್ಯದ ಕೈಯಲ್ಲಿ ಏನಿದೆ? ಬಡ್ಡಿ ಇಲ್ಲ, ಲೈಸೆನ್ಸ್ ಇಲ್ಲ. ಆದರೆ ಆ ಮನೆಗೆ ಮೂರನೆಯ ಸಾಲ ಏಕೆ ಬೇಕಾಯಿತು ಎಂಬುದರಲ್ಲಿ ಬಹುಪಾಲು ರಾಜ್ಯದ ಕೈಯಲ್ಲೇ ಇದೆ.

ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದಾಖಲಾಗದೆ ಮಾಡಿಸುವ ಸ್ಕ್ಯಾನಿಂಗ್, ತಿಂಗಳು ತಿಂಗಳ ಸಕ್ಕರೆ ಕಾಯಿಲೆ ಮಾತ್ರೆ, ಜಿಲ್ಲಾ ಕೇಂದ್ರಕ್ಕೆ ಗಾಡಿ ಖರ್ಚು, ಜೊತೆಗಿದ್ದವರ ಕೂಲಿ ನಷ್ಟ ಅದರ ಹೊರಗೆ. ದೊಡ್ಡ ಆಪರೇಷನ್ನಿಗಿಂತ ಈ ಐದು, ಹತ್ತು ಸಾವಿರದ ಖರ್ಚುಗಳೇ ಕೈಸಾಲಕ್ಕೆ ದೂಡುವುದು. ತಾಲ್ಲೂಕು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ‘ಹೊರಗಿನಿಂದ ತನ್ನಿ’ ಎಂಬ ಚೀಟಿ ನಿಂತರೆ, ಅದೂ ಸಾಲ ನೀತಿಯೇ.

ಗೃಹಲಕ್ಷ್ಮಿಯ ವಿಷಯಕ್ಕೆ ಬಂದರೆ, ತಿಂಗಳಿಗೆ 2,000 ರೂ. ಎಂಬುದು ಮೇಲಿನ ಲೆಕ್ಕದ ಒಂದು ಕಂತಿನ ಮುಕ್ಕಾಲು ಭಾಗ. ಸಣ್ಣ ಮೊತ್ತವೇನಲ್ಲ. ಆದರೆ ಎರಡು ಮೂರು ತಿಂಗಳು ತಡವಾಗಿ ಬಿದ್ದದ್ದುಂಟು. ಕಂತು ಮಾತ್ರ 5ನೇ ತಾರೀಖಿಗೆ ಎಂದರೆ 5ಕ್ಕೇ. ನಡುವಿನ ಅಂತರವನ್ನು ಕೈಸಾಲ ತುಂಬುತ್ತದೆ, ಬಡ್ಡಿ ಗೃಹಲಕ್ಷ್ಮಿಯ ಹಣದಿಂದಲೇ ಹೋಗುತ್ತದೆ. ವರ್ಷಕ್ಕೆ ಸುಮಾರು 28 ಸಾವಿರ ಕೋಟಿ ಖರ್ಚು ಮಾಡುವ ಯೋಜನೆಗೆ ಒಂದು ಖಚಿತ ತಾರೀಖು ಕೊಟ್ಟರೆ ಹೆಚ್ಚುವರಿ ಹಣ ಬೇಡ, ಖಜಾನೆಯ ಶಿಸ್ತು ಬೇಕು. ಫಲಾನುಭವಿಗಳ ಸಂಖ್ಯೆಯ ಜಾಹೀರಾತಿಗಿಂತ ತಾರೀಖಿನ ಭರವಸೆ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ನಂಬಬಹುದಾದ ಉಪಕರಣ ಸಂಜೀವಿನಿ ಒಕ್ಕೂಟ. ಪ್ರತಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಸಹಾಯ ಸಂಘಗಳ ಒಕ್ಕೂಟ ಮಾಡುವುದು, ಅದಕ್ಕೆ ಸಮುದಾಯ ಬಂಡವಾಳ ನಿಧಿ, ಲೆಕ್ಕದ ಪುಸ್ತಕ ಬರೆಯುವ ಮಹಿಳೆ, ಇದು ಅದರ ರಚನೆ. ಬ್ಯಾಂಕಿನಿಂದ ಸಂಘಕ್ಕೆ 3 ಲಕ್ಷದವರೆಗಿನ ಸಾಲ ಶೇ 7ರ ಬಡ್ಡಿಗೆ ಸಿಗುತ್ತದೆ. ಸಂಘ ತನ್ನ ಸದಸ್ಯೆಗೆ ನೂರಕ್ಕೆ 1 ರೂಪಾಯಿಯಂತೆ, ಅಂದರೆ ವರ್ಷಕ್ಕೆ ಶೇ 12ಕ್ಕೆ ಕೊಟ್ಟರೂ ಮೈಕ್ರೋಫೈನಾನ್ಸಿನ ಅರ್ಧ. ಇಷ್ಟು ಅಗ್ಗದ ಹಣ ಊರಲ್ಲೇ ಇರುವಾಗ ಜನ ಶೇ 24ಕ್ಕೆ ಏಕೆ ಹೋಗುತ್ತಾರೆ? ಹೊತ್ತಿಗೆ ಸಿಗದ ಕಾರಣ. ಒಕ್ಕೂಟದಿಂದ ಹಣ ಬೇಕೆಂದರೆ ಕಿರು ಸಾಲ ಯೋಜನೆ ಬರೆಯಬೇಕು, ಸಂಘದ ಸಭೆ, ಒಕ್ಕೂಟದ ಸಭೆ, ನಡಾವಳಿ, ಇಬ್ಬರ ಸಹಿ. ಹಸು ಕೊಳ್ಳಲು ಇದು ಸರಿ. ರಾತ್ರಿ ಮಗುವಿಗೆ ವಿಪರೀತ ಜ್ವರ ಬಂದಾಗ ಆಗದು. ಫೀಲ್ಡ್ ಆಫೀಸರ್ ಎರಡು ಮೂರು ದಿನದಲ್ಲಿ ಖಾತೆಗೆ ಹಾಕುತ್ತಾನೆ, ಕೈಸಾಲದವನು ಹತ್ತು ನಿಮಿಷದಲ್ಲಿ ಎಣಿಸಿ ಕೊಡುತ್ತಾನೆ.

ಆದ್ದರಿಂದ ಒಕ್ಕೂಟದಲ್ಲಿ ಬೇರೆಯದೇ ಒಂದು ತುರ್ತು ನಿಧಿ ಇರಬೇಕು. ಮಿತಿ 20,000 ರೂ., ತೀರಿಸಲು 10 ತಿಂಗಳು, ಸಂಘದ ಇಬ್ಬರು ಸದಸ್ಯೆಯರ ಮಾತಿನ ಮೇಲೆ 48 ಗಂಟೆಯೊಳಗೆ ಹಣ, ನಡಾವಳಿ ಆಮೇಲೆ. ರಾಜ್ಯದಲ್ಲಿ ಸುಮಾರು 5,950 ಗ್ರಾಮ ಪಂಚಾಯಿತಿಗಳಿವೆ. ಒಂದೊಂದಕ್ಕೆ 10 ಲಕ್ಷ ಕೊಟ್ಟರೂ 595 ಕೋಟಿ, ಅದೂ ಒಂದೇ ಸಲ. ಗೃಹಲಕ್ಷ್ಮಿಯ ಒಂದು ವರ್ಷದ ಖರ್ಚಿನ ನೂರರಲ್ಲಿ ಎರಡು ಪಾಲು. ಇಂಥ ನಿಧಿ ಕೆಡುವ ಬಗೆಯೂ ಗೊತ್ತಿರುವುದೇ. ಪದಾಧಿಕಾರಿಗಳ ನೆಂಟರಿಷ್ಟರಿಗೇ ಹಣ ತಿರುಗುತ್ತದೆ. ಪುಸ್ತಕ ಬರೆಯುವವಳ ಗೌರವಧನ ತಿಂಗಳುಗಟ್ಟಲೆ ಬಾರದೆ ಅವಳು ಬರೆಯುವುದು ಬಿಡುತ್ತಾಳೆ. ಬರೆಯುವುದು ನಿಂತ ಮೂರನೇ ತಿಂಗಳಿಗೆ ಯಾರು ಎಷ್ಟು ಬಾಕಿ ಎಂಬುದೇ ಜಗಳವಾಗುತ್ತದೆ. ಒಕ್ಕೂಟ ಬಿದ್ದರೆ ಮೊದಲು ಬೀಳುವುದು ಪುಸ್ತಕ. 10 ಲಕ್ಷ ಕೊಡುವ ಮುಂಚೆ ಆಕೆಯ ಗೌರವಧನವನ್ನು ನೇರವಾಗಿ ಖಾತೆಗೆ, ತಪ್ಪದೆ ಹಾಕುವ ಏರ್ಪಾಡು ಆಗಲಿ. ಬಾಕಿದಾರರ ಹೆಸರು ಗೋಡೆಗೆ ಅಂಟಿಸುವುದು ಮಾತ್ರ ಬೇಡ. ವಸೂಲಿಗಾರ ಮಾಡಿದರೆ ಅಪರಾಧವಾದದ್ದು ಒಕ್ಕೂಟ ಮಾಡಿದರೆ ಸದ್ಗುಣವಾಗುವುದಿಲ್ಲ.

ಈಗಾಗಲೇ ಮುಳುಗಿರುವವರಿಗೆ ತಾಲ್ಲೂಕು ಮಟ್ಟದಲ್ಲಿ ಸಾಲದ ಲೆಕ್ಕ ಬಿಡಿಸಿ ಕೊಡುವ ಒಂದು ಮೇಜು ಬೇಕು. ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರಗಳು ಇವೆ, ಆದರೆ ಅವುಗಳ ಕೆಲಸ ಹೆಚ್ಚಾಗಿ ಭಾಷಣ, ಕರಪತ್ರ. ಇಲ್ಲಿ ಬೇಕಿರುವುದು ಪೆನ್ನು, ಕ್ಯಾಲ್ಕುಲೇಟರ್ ಹಿಡಿದ ಒಬ್ಬರು. ಮೊದಲು ಕ್ರೆಡಿಟ್ ವರದಿ ತೆಗೆಯುವುದು. ಪ್ರತಿ ಮಾಹಿತಿ ಕಂಪನಿಯೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ತನ್ನ ಹೆಸರಲ್ಲಿ ತನಗೇ ತಿಳಿಯದ ಸಾಲವಿದ್ದರೆ ಹೊರಬೀಳುವುದು ಇಲ್ಲೇ. ಆಮೇಲೆ ಕೈಸಾಲ, ಗಿರವಿ, ಚೀಟಿ ಎಲ್ಲ ಸೇರಿಸಿ ಒಂದೇ ಹಾಳೆ. ಮೇಲೆ ಹೇಳಿದ ಮನೆಯಲ್ಲಿ ಮೂರೂ ಸಾಲದ ಅಸಲು 80,000 ಉಳಿದಿದೆ ಎನ್ನಿ. ಅದೇ ಶೇ 24ರಲ್ಲಿ 36 ತಿಂಗಳಿಗೆ ಹಿಗ್ಗಿಸಿದರೆ ಕಂತು 8,123ರಿಂದ 3,139ಕ್ಕೆ ಇಳಿಯುತ್ತದೆ. ಸ್ವಸಹಾಯ ಸಂಘದ ಶೇ 12ರ ಸಾಲಕ್ಕೆ ಬದಲಾಯಿಸಿದರೆ 2,657. ಹೀಗೆ ಸಾಲ ಬದಲಿಸುವುದರಲ್ಲಿ ಒಂದು ದೊಡ್ಡ ಅಪಾಯವಿದೆ: ಹೊಸ ಹಣ ಸಾಲಗಾರರ ಕೈಗೆ ಬಂದರೆ ಹಳೆಯದು ತೀರುವುದಿಲ್ಲ, ಸಾಲ ಎರಡಾಗುತ್ತದೆ. ಹಣ ನೇರ ಸಂಸ್ಥೆಗೇ ಹೋಗಬೇಕು, ಬಾಕಿ ಇಲ್ಲ ಎಂಬ ಪತ್ರ ಕೈಗೆ ಬರಬೇಕು, ಒಂದು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲಿ ಖಾತೆ ಮುಚ್ಚಿದ್ದು ಕಾಣಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು 2022ರ ನಿಯಮವೇ ಹೇಳುತ್ತದೆ. ಸುಸ್ತಿಗೆ ದಂಡ ಹಾಕಿದರೂ ಅದು ತಪ್ಪಿದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ.

ವಸೂಲಿಯ ನಿಯಮಗಳನ್ನೂ ಆ ಮೇಜೇ ಹೇಳಿಕೊಡಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಒಪ್ಪಿದ ಜಾಗದಲ್ಲೇ ಕಂತು ಪಡೆಯಬೇಕು. ಸಾಲಗಾರರು ಸತತ ಎರಡು ಸಲ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಬಂಧುಗಳನ್ನು, ಜೊತೆಗೆ ಕೆಲಸ ಮಾಡುವವರನ್ನು ಕಾಡುವಂತಿಲ್ಲ. ಮೊದಲು ಸಂಸ್ಥೆಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗುವುದು, ಮಾಹಿತಿಗೆ 14448. ಬೆದರಿಕೆ, ಹಲ್ಲೆಗೆ 30 ದಿನ ಕಾಯಬೇಕಿಲ್ಲ, ಅದು ಠಾಣೆಯ ಕೆಲಸ.

ಇಷ್ಟೆಲ್ಲ ಮಾಡಿದರೂ ಒಂದು ಗಂಟು ಬಿಡಿಸದೆ ಉಳಿಯುತ್ತದೆ, ಮತ್ತು ಅದನ್ನು ಮುಟ್ಟಲು ಯಾವ ಪಕ್ಷಕ್ಕೂ ಮನಸ್ಸಿಲ್ಲ. ನಮ್ಮ ಸಹಕಾರ ಸಂಘಗಳಲ್ಲಿ ರೈತರಿಗೆ 5 ಲಕ್ಷದವರೆಗೆ ಬಡ್ಡಿಯೇ ಇಲ್ಲದ ಬೆಳೆ ಸಾಲ ಇದೆ. ಅದು ಪಹಣಿ ಇದ್ದವರಿಗೆ. ಅದೇ ಹೊಲವನ್ನು ಗುತ್ತಿಗೆಗೋ ಕೋರಿಗೋ (ಫಸಲಿನ ಪಾಲಿಗೆ) ಉಳುವವನಿಗೆ ಬೆಳೆ ಸಾಲವಿಲ್ಲ, ಬೆಳೆ ವಿಮೆ ಕಷ್ಟ, ಬರ ಪರಿಹಾರವೂ ಪಹಣಿದಾರನ ಖಾತೆಗೇ. ಭೂಸುಧಾರಣಾ ಕಾಯ್ದೆ ಸೈನಿಕರಂಥ ಕೆಲವರನ್ನು ಬಿಟ್ಟರೆ ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. 1974ರ ಹೊತ್ತಿಗೆ ಅದಕ್ಕೆ ನ್ಯಾಯವಾದ ಕಾರಣವಿತ್ತು. ಇಂದು ಗೇಣಿ ನಿಂತಿಲ್ಲ, ಬಾಯಿಮಾತಿಗೆ ಇಳಿದಿದೆ ಅಷ್ಟೇ. ಬೀಜ ಗೊಬ್ಬರಕ್ಕೆ ಆ ಮನೆಯ ಹೆಂಗಸು ಮೈಕ್ರೋಫೈನಾನ್ಸ್ ಸಾಲ ತರುತ್ತಾಳೆ, ಫಸಲು ಬರುವುದು ನಾಲ್ಕು ತಿಂಗಳಿಗೆ, ಕಂತು ಮುಂದಿನ ವಾರದಿಂದ. 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದಾಗ ಮರುಹೊಂದಿಸುವ ಮಾತು ಬಂದದ್ದು ಮುಖ್ಯವಾಗಿ ಬ್ಯಾಂಕಿನ ಬೆಳೆ ಸಾಲಕ್ಕೆ. 2018ರ ಸಾಲಮನ್ನಾ ಕೂಡ ಬೆಳೆ ಸಾಲಕ್ಕೆ ಮಾತ್ರ. ಒಂದೇ ಹೊಲದ ಮೇಲೆ ಪಹಣಿದಾರನಿಗೆ ಬಡ್ಡಿ ಸೊನ್ನೆ, ಬೆವರು ಸುರಿಸುವವನಿಗೆ ಶೇ 24.

ಆಂಧ್ರದಲ್ಲಿ ಇದಕ್ಕೆ ಎರಡು ಸಲ ಪ್ರಯತ್ನ ನಡೆದಿದೆ. 2011ರ ಕಾಯ್ದೆ ಗೇಣಿದಾರರಿಗೆ ಸಾಲ ಪಡೆಯುವ ಅರ್ಹತಾ ಕಾರ್ಡ್ ಕೊಟ್ಟಿತು. ಅದೇ ಸರ್ವೆ ನಂಬರಿನ ಮೇಲೆ ಮಾಲೀಕ ಆಗಲೇ ಸಾಲ ಎತ್ತಿದ್ದರಿಂದ ಬ್ಯಾಂಕುಗಳು ಕಾರ್ಡ್ ನೋಡಿ ಕೈ ಆಡಿಸಿದವು. 2019ರ ಕಾಯ್ದೆ 11 ತಿಂಗಳ ಸಾಗುವಳಿ ಹಕ್ಕು ಪತ್ರ ಮಾಡಿತು, ಆದರೆ ಮಾಲೀಕನ ಸಹಿ ಬೇಕೆಂದಿತು. ಭೂಮಿ ಕೈತಪ್ಪೀತೆಂಬ ಭಯಕ್ಕೆ ಮಾಲೀಕರು ಸಹಿ ಹಾಕಲಿಲ್ಲ. ಕರ್ನಾಟಕಕ್ಕೆ ಒಂದು ಅನುಕೂಲ ಇದೆ. ಇಲ್ಲಿ ಪ್ರತಿ ಹಂಗಾಮಿನಲ್ಲೂ ಸರ್ವೆ ನಂಬರ್‌ವಾರು ಬೆಳೆ ಸಮೀಕ್ಷೆ ನಡೆಯುತ್ತದೆ; ಊರಿನ ಯುವಕರು ಹೊಲಕ್ಕೆ ಹೋಗಿ ಮೊಬೈಲಿನಲ್ಲಿ ಬೆಳೆಯ ಫೋಟೊ ಹಾಕುತ್ತಾರೆ. ಆ ಆ್ಯಪ್‌ನಲ್ಲಿ ‘ಉಳುತ್ತಿರುವವರು’ ಎಂಬ ಒಂದು ಕಾಲಂ ಸೇರಿಸಿ, ಆ ನಮೂದು ಆ ಹಂಗಾಮಿಗೆ ಮಾತ್ರ ಎಂದೂ, ಅದರಿಂದ ಗೇಣಿ ಹಕ್ಕು ಹುಟ್ಟುವುದಿಲ್ಲ ಎಂದೂ ಕಾಯ್ದೆಯಲ್ಲೇ ಬರೆದರೆ ಮಾಲೀಕನ ಭಯಕ್ಕೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಬ್ಯಾಂಕಿನದು. ಮಾಲೀಕ ಆ ಹಂಗಾಮಿಗೆ ಬೆಳೆ ಸಾಲ ಪಡೆದಿರದ ಸರ್ವೆ ನಂಬರುಗಳಿಂದ, ಒಂದೆರಡು ತಾಲ್ಲೂಕಿನಲ್ಲಿ, ಐದು ಜನ ಗೇಣಿದಾರರ ಜಂಟಿ ಹೊಣೆ ಗುಂಪಿಗೆ ಸಹಕಾರ ಸಂಘದಿಂದಲೇ ಅದನ್ನು ಶುರು ಮಾಡಬಹುದು. ಕಂತು ವಾರಕ್ಕಲ್ಲ, ಸುಗ್ಗಿಗೆ.